ಒಂದೇ ಬೆಟ್ಟ, ಒಂದೇ ಹೊತ್ತು

ನಮ್ಮ ಬಳಿ ಆಪ್ತಸಲಹೆಗೆ ಬಂದ ಸಲಹಾರ್ಥಿಗೆ 66 ವರ್ಷ. ಗುರುತು ಸಿಗದಂತೆ ವಯಸ್ಸು ಮತ್ತು ಮನೆಯ ವಿವರಗಳನ್ನು ಬದಲಿಸಿದೆ. ಬರೆಯಲು ಅವರ ಒಪ್ಪಿಗೆಯಿದೆ. ಮೂವತ್ತು ವರ್ಷ ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತಿದವರು. ಈಗ ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಲಿತಿದೆ, ದಿನಕ್ಕೆ 15 ಗಂಟೆಗೂ ಹೆಚ್ಚು ಹೊತ್ತು ಮೂಗಿನ ನಳಿಕೆಯಲ್ಲಿ ಆಮ್ಲಜನಕ ಬೇಕು. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70 ಮಾತ್ರ. ಹಾರುವ ವಿಮಾನದೊಳಗೂ 2,400 ಮೀಟರ್ ಎತ್ತರದಲ್ಲಿರುವಷ್ಟು ತೆಳು ಗಾಳಿ ಇರಬಹುದು. ಹಾಗಾಗಿ ಶ್ವಾಸಕೋಶ ತಜ್ಞರು ಬೆಟ್ಟ, ವಿಮಾನ ಎರಡೂ ಬೇಡವೆಂದಿದ್ದರು.

ಮೊದಲು ಮಾತಾಡಿದ್ದು ಮಗಳು. "ಅಪ್ಪನಿಗೆ ಖುಷಿಯಾಗಲಿ ಅಂತ ಟಿವಿಯಲ್ಲಿ ಬೆಟ್ಟದ ಲೈವ್ ಕ್ಯಾಮೆರಾ ನಾನೇ ಹಾಕಿಕೊಟ್ಟೆ. ಈಗ ಊಟಕ್ಕೆ ಕರೆದರೂ ಏಳಲ್ಲ. ಕೇಳಿದರೆ, ಬೆಟ್ಟ ಇನ್ನೂ ಬಂದಿಲ್ಲ ಕಣಮ್ಮಾ ಅಂತಾರೆ."

ಮೊದಲ ಭೇಟಿಯಲ್ಲಿ ತಿಳಿದ ಚಿತ್ರ ಹೀಗಿತ್ತು. ಅವರ ಪಟ್ಟಿಯಲ್ಲಿ ಬೆಟ್ಟಗಳನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸುವ 14 ಕ್ಯಾಮೆರಾ, ದಿನಕ್ಕೆ ಎಂಟೊಂಬತ್ತು ಗಂಟೆ. ನಡುರಾತ್ರಿ ಕಳೆದ ಮೇಲೆ ಎದ್ದು ಜಪಾನಿನ ಫುಜಿಯ ಸೂರ್ಯೋದಯ, ಹಗಲಲ್ಲಿ ಆಲ್ಪ್ಸ್, ಮಲಗುವ ಹೊತ್ತಿಗೆ ಅಲಾಸ್ಕಾದ ಡೆನಾಲಿ. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಬೆಳಗಾಗುತ್ತಲೇ ಇರುತ್ತದೆ, ಅವರ ನಿದ್ದೆ ಕೆಟ್ಟಿದ್ದು ಅಲ್ಲಿಯೇ. ಯಾವ ಕ್ಯಾಮೆರಾದ ಮುಂದೆಯೂ ಮೂರು ನಿಮಿಷ ನಿಲ್ಲುತ್ತಿರಲಿಲ್ಲ. ಮೋಡ ಕಂಡರೆ ಮುಂದಿನದು. ಒಂದಕ್ಕೆ ಮಾತ್ರ ದಿನಕ್ಕೆ ಐದಾರು ಸಲ ಹೋಗಿ ಥಟ್ಟನೆ ಮುಚ್ಚುತ್ತಿದ್ದರು. ಅದು ಅವರೇ ಹತ್ತಿದ್ದ ಬೆಟ್ಟ. ಬುಡದಲ್ಲಿ ಜನ ಬೂಟಿನ ಲೇಸು ಬಿಗಿದುಕೊಳ್ಳುವುದು ಕಾಣುತ್ತದೆ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯು-9ರಲ್ಲಿ ಅಂಕ 14, ಅಂದರೆ ಮಧ್ಯಮ ಮಟ್ಟದ ಖಿನ್ನತೆ. ಸಾಯುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಅದು ಸೊನ್ನೆಯಲ್ಲದಿದ್ದರೆ ಈ ಬರಹದ ಯಾವ ಸಲಹೆಗೂ ಮೊದಲು ಮನೋವೈದ್ಯರನ್ನು ಕಾಣಿಸಬೇಕಿತ್ತು.

ಮಗಳಿಗೆ ಟಿವಿ ಕಿತ್ತುಹಾಕುವ ಮನಸ್ಸಿತ್ತು. ಅದು ಬೇಡವೆಂದೆವು. ಆದರೆ ಪರದೆಯ ಬೆಟ್ಟ ತಾನಾಗಿಯೇ ಮನಸ್ಸು ತಿಳಿಯಾಗಿಸುತ್ತದೆ ಎಂಬ ಭರವಸೆಯನ್ನೂ ಕೊಡಲಿಲ್ಲ. ರೋಜರ್ ಉಲ್ರಿಕ್ ಅವರ 1984ರ ಅಧ್ಯಯನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ಶಸ್ತ್ರಚಿಕಿತ್ಸೆಯಾದವರ 23 ಜೋಡಿಗಳಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಅದು ನಿಜವಾದ ಕಿಟಕಿ. ಪೀಟರ್ ಕಾನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು ಅಷ್ಟು ಸಿಹಿಯಲ್ಲ. ಅವರು ಒಂದು ಗಾಜಿನ ಕಿಟಕಿಯ ಹೊರನೋಟವನ್ನೇ ಕ್ಯಾಮೆರಾದಿಂದ ಹಿಡಿದು ಪ್ಲಾಸ್ಮಾ ಪರದೆಯಲ್ಲಿ ನೇರವಾಗಿ ತೋರಿಸಿದರು. ಸಣ್ಣ ಒತ್ತಡದ ಬಳಿಕ ಗಾಜಿನ ಕಿಟಕಿಯ ಮುಂದೆ ಕೂತವರ ಹೃದಯಬಡಿತ ಬೇಗ ಇಳಿಯಿತು. ಪರದೆಗೂ ಬರಿಗೋಡೆಗೂ ವ್ಯತ್ಯಾಸವೇನೂ ಕಾಣಲಿಲ್ಲ. ಅಂದಮೇಲೆ ನೋಟಕ್ಕಿಂತ ನೋಡುವ ರೀತಿಯಲ್ಲೇ ಏನಾದರೂ ಮಾಡಬೇಕು.

ಸಲಹೆಯ ತಿರುಳು ಇಷ್ಟೇ: ಒಂದು ಬೆಟ್ಟ, ಒಂದು ಕ್ಯಾಮೆರಾ, ದಿನಕ್ಕೊಮ್ಮೆ 40 ನಿಮಿಷ. ಕಂಡರೂ ಸರಿ, ಕಾಣದಿದ್ದರೂ ಸರಿ.

ಬೆಟ್ಟಕ್ಕಿಂತ ಮೊದಲು ಹೊತ್ತನ್ನು ಆರಿಸಿಕೊಳ್ಳಬೇಕು. ಯಾವ ಬೆಟ್ಟದ ಬೆಳಗು ನಾವು ಎಚ್ಚರವಿರುವ, ಬೇರೆ ಕೆಲಸವಿಲ್ಲದ ಹೊತ್ತಿಗೆ ಬೀಳುತ್ತದೋ ಅದು ನಮ್ಮ ಬೆಟ್ಟ. ಇವರಿಗೆ ಆಲ್ಪ್ಸ್‌ನ ಬೆಳಗು ತಿಂಡಿಗೂ ಊಟಕ್ಕೂ ನಡುವೆ ಬರುತ್ತಿತ್ತು, ಹಾಗಾಗಿ ಫುಜಿ, ಡೆನಾಲಿ ಎರಡನ್ನೂ ಬಿಟ್ಟರು. ತಾವು ಹತ್ತಿದ ಬೆಟ್ಟ ಸದ್ಯಕ್ಕೆ ಬೇಡ, ಎಂದೂ ಹೋಗದ ಬೆಟ್ಟ ಇರಲಿ ಎಂದೆವು. ಹತ್ತಿದ ಬೆಟ್ಟ ಕಳೆದುಕೊಂಡದ್ದನ್ನೇ ಎತ್ತಿ ತೋರಿಸುತ್ತದೆ. ಅವರು ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಆರಿಸಿದರು, 4,478 ಮೀಟರ್, ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಊರಿನ ಕಡೆಯಿಂದ.

ಬೆಳಗ್ಗೆಯೇ ಏಕೆ? ಬೇಸಿಗೆಯಲ್ಲಿ ಬಿಸಿಲೇರಿದಂತೆ ಕಣಿವೆಯ ಗಾಳಿ ಮೇಲೆದ್ದು ಮಧ್ಯಾಹ್ನಕ್ಕೆ ಶಿಖರಗಳಿಗೆ ಮೋಡ ಕಟ್ಟುತ್ತದೆ. ಚಳಿಗಾಲದಲ್ಲಿ ತಣ್ಣನೆ ಗಾಳಿ ಕಣಿವೆಯಲ್ಲೇ ಮಡುಗಟ್ಟಿ ಕೆಳಗೆ ಮಂಜು, ಮೇಲೆ ನಿರಭ್ರ. ಎರಡು ಕಾಲದಲ್ಲೂ ಶಿಖರ ಕಾಣುವ ಸಾಧ್ಯತೆ ಬೆಳಗ್ಗೆಯೇ ಹೆಚ್ಚು. ಝೆರ್ಮಾಟ್‌ನಿಂದ ಎಡಕ್ಕೆ ಪೂರ್ವ ಮುಖ, ಬಲಕ್ಕೆ ಉತ್ತರ ಮುಖ ಕಾಣುತ್ತದೆ. ಬೆಳಕು ಮೊದಲು ತುದಿಗೆ ತಾಗಿ ಎಡ ಮುಖದಲ್ಲಿ ಕೆಂಪಗೆ ಕೆಳಗಿಳಿಯುವಾಗ ಬಲ ಮುಖ ಇನ್ನೂ ನೀಲಿ ನೆರಳಲ್ಲೇ ಇರುತ್ತದೆ. ನಡುವಿನ ಅಂಚು ಗೆರೆ ಎಳೆದ ಹಾಗೆ. ಸೂರ್ಯೋದಯಕ್ಕೆ 20 ನಿಮಿಷ ಮೊದಲು ಕೂತು 20 ನಿಮಿಷ ಕಳೆದು ಏಳುವುದು.

ವಿಡಿಯೋಗಿಂತ ಹತ್ತು ನಿಮಿಷಕ್ಕೊಮ್ಮೆ ಬದಲಾಗುವ ಸ್ಥಿರಚಿತ್ರದ ಕ್ಯಾಮೆರಾ ನಮ್ಮ ಆಯ್ಕೆ. 720ಪಿ ಗುಣಮಟ್ಟದ ವಿಡಿಯೋ ಗಂಟೆಗೆ ಒಂದು ಜಿಬಿ ಆಸುಪಾಸು ಡೇಟಾ ತಿನ್ನುತ್ತದೆ; ಅದಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಚಾಟ್ ಓಡುತ್ತಿರುತ್ತದೆ, ನಡುವೆ ಜಾಹೀರಾತು ನುಗ್ಗುತ್ತದೆ. ಸ್ಥಿರಚಿತ್ರವಾದರೆ 40 ನಿಮಿಷಕ್ಕೆ ಐದೇ ಚಿತ್ರ. ಎರಡು ಚಿತ್ರಗಳ ನಡುವೆ ಫಿಸಿಯೋಥೆರಪಿಸ್ಟ್ ಕಲಿಸಿದ್ದ ಉಸಿರಾಟ: ಮೂಗಿನಿಂದ ಎರಡೆಣಿಕೆ ಒಳಗೆ, ತುಟಿ ಕಿರಿದು ಮಾಡಿ ನಾಲ್ಕೆಣಿಕೆ ಹೊರಗೆ. ಮಲಗಿ ನೋಡುವುದು ಬೇಡ. ನೆಟ್ಟಗೆ ಕೂತು, ನಳಿಕೆ ಕುರ್ಚಿಯ ಕಾಲಿಗೆ ಸಿಕ್ಕದಂತೆ ಬಿಡಿಸಿಟ್ಟುಕೊಂಡು. 360 ಡಿಗ್ರಿ ತಿರುಗುವ ಕ್ಯಾಮೆರಾ ಆರಂಭದಲ್ಲಿ ಬೇಡವೆಂದೆವು, ಕೈ ಸುಮ್ಮನಿರುವುದಿಲ್ಲ. ಹಳೆಯ ಒಳ್ಳೆಯ ಚಿತ್ರಗಳ ಸಂಗ್ರಹಕ್ಕೂ ಹೋಗಬಾರದು. ಅಲ್ಲಿರುವುದು ಆರಿಸಿಟ್ಟ ದಿನಗಳು, ಅವುಗಳ ಮುಂದೆ ಇವತ್ತಿನ ದಿನ ಸಪ್ಪೆ.

ಕೂರುವ ಮೊದಲು, ಎದ್ದ ಮೇಲೆ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಪುಸ್ತಕದಲ್ಲಿ ಬರೆಯುವುದು, ಜೊತೆಗೆ ಕಂಡದ್ದರ ಬಗ್ಗೆ ಒಂದು ಸಾಲು. ಆ ಸಾಲನ್ನು ಹಳೆಯ ಚಾರಣದ ಗೆಳೆಯರಿಗೆ ಫೋನಿನಲ್ಲಿ ಹೇಳುವುದು. ಎದ್ದ ಮೇಲಿನ ಅಂಕ ಸತತ ಮೂರು ದಿನ ಇಳಿದರೆ ನಿಲ್ಲಿಸಿ ನಮಗೆ ತಿಳಿಸಬೇಕು.

ಎಡವಟ್ಟುಗಳೂ ಆದವು. ಎರಡನೇ ವಾರ ಒಂದು ಬೆಳಗು ಚೂರೂ ಕದಲದೆ ನಿಂತಿತ್ತು. ಎಂಥ ಶಾಂತಿ ಎಂದು ಕೂತರು, ಅದು ಹಿಂದಿನ ದಿನದ ಚಿತ್ರ. ಮಸೂರದ ಮೇಲೆ ಹಿಮ ಕಟ್ಟಿದಾಗ ಬಿಳಿ ಪರದೆಯಾದರೂ ಕಾಣುತ್ತದೆ. ಸಂಪರ್ಕ ಕಡಿದಾಗ, ಸೌರಫಲಕ ಹಿಮದಡಿ ಹೂತು ಬ್ಯಾಟರಿ ಸತ್ತಾಗ ಕೊನೆಯ ಚಿತ್ರವೇ ಉಳಿದುಬಿಡುತ್ತದೆ. ಅವರಿಗೆ ಮೋಸಹೋದಷ್ಟು ಬೇಸರವಾಯಿತು. ಅಂದಿನಿಂದ ಮೊದಲು ಚಿತ್ರದ ಮೂಲೆಯ ದಿನಾಂಕ, ಗಂಟೆ ನೋಡುವುದು, ಆಮೇಲೆ ಬೆಟ್ಟ. ಲೈವ್ ಎಂದು ಹೆಸರಿಟ್ಟು ಹಳೆಯ ವಿಡಿಯೋ ಸುತ್ತಿಸುವವರೂ ಇದ್ದಾರೆ, ಅವುಗಳಲ್ಲಿ ಗಂಟೆಯೇ ಇರುವುದಿಲ್ಲ.

ಮಾರ್ಚ್ ಕೊನೆಯ ಭಾನುವಾರ ಯುರೋಪಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಸೂರ್ಯ ಹೋಗುವುದಿಲ್ಲ. ಅಲ್ಲಿನ ಗಂಟೆಗೆ ಅಲಾರಂ ಹೊಂದಿಸಿದ್ದರಿಂದ ಆ ದಿನ ಒಂದು ಗಂಟೆ ಬೇಗ ಕೂತು ಕತ್ತಲು ನೋಡಿದರು. ಆಗಿನ ದಿನಗಳಲ್ಲಿ ಸೂರ್ಯೋದಯವೂ ವಾರಕ್ಕೆ 13 ನಿಮಿಷದಷ್ಟು ಬೇಗವಾಗುತ್ತ ಬರುತ್ತದೆ. ಪ್ರತಿ ಭಾನುವಾರ ಅಲಾರಂ ತಿದ್ದುವುದನ್ನು ಮಗಳು ವಹಿಸಿಕೊಂಡರು.

ಕಷ್ಟವಾದದ್ದು ಸತತ ಒಂಬತ್ತು ದಿನದ ಮೋಡ. ನಾಲ್ಕನೇ ದಿನ ಬೇರೆ ಕ್ಯಾಮೆರಾ ತೆರೆದರಂತೆ, ತಾವೇ ಒಪ್ಪಿಕೊಂಡರು. ಬೈಯಲಿಲ್ಲ. ಬೂದು ಬಣ್ಣದಲ್ಲಿ ಏನೇನಿದೆ ಎಂದು ಬರೆಯಿರಿ ಎಂದೆವು. ಪುಸ್ತಕದಲ್ಲಿ ಏಳನೇ ದಿನದ ಸಾಲು: "ಕೆಳಗಿನ ಮನೆಯ ದೀಪ ಎರಡನೇ ಚಿತ್ರದಲ್ಲಿ ಆರಿತು. ಯಾರೋ ಎದ್ದರು." ಹತ್ತನೇ ದಿನ ತುದಿಯಿಂದ ಬಾವುಟದಂಥ ಮೋಡ ಒಂದೇ ಕಡೆಗೆ ಚಾಚಿ ನಿಂತಿತ್ತು. ಶಿಖರದ ಗಾಳಿ ಬಡಿಯದ ಮಗ್ಗುಲಲ್ಲಿ ಆವಿ ಮೇಲೆದ್ದು ಮೋಡವಾಗುತ್ತ, ಅಂಚಿನಲ್ಲಿ ಒಣಗುತ್ತ ಇರುವುದರಿಂದ ಅದು ನಿಂತಂತೆ ಕಾಣುತ್ತದೆ. ಇದನ್ನು ಅವರು ಗೆಳೆಯರಿಗೆ 20 ನಿಮಿಷ ವಿವರಿಸಿದರು ಎಂದು ಮಗಳು ಹೇಳಿದರು. ಅಷ್ಟುದ್ದ ಮಾತಾಡಿ ತಿಂಗಳುಗಳೇ ಆಗಿದ್ದವು.

ಒಂಬತ್ತು ವಾರ, ಐದು ಭೇಟಿಯ ಬಳಿಕ ಪಿಎಚ್‌ಕ್ಯು-9 ಅಂಕ 14ರಿಂದ 8ಕ್ಕೆ ಇಳಿದಿದೆ. ರಾತ್ರಿ ಎದ್ದು ಕೂರುವುದು ನಿಂತಿದೆ, ಊಟ ಸಮಯಕ್ಕಾಗುತ್ತದೆ. ನಡಿಗೆಯ ಅಭ್ಯಾಸಕ್ಕೆ ಇನ್ನೂ ಆಲಸ್ಯ, ಅದು ಮುಂದಿನ ಕೆಲಸ. ಪಟ್ಟಿಯಲ್ಲಿ ಈಗ ಎರಡೇ ಕ್ಯಾಮೆರಾ. ಎರಡನೆಯದು ತಾವೇ ಹತ್ತಿದ ಆ ಬೆಟ್ಟದ್ದು, ಇನ್ನೂ ತೆರೆದಿಲ್ಲ. ತೆರೆಯುವ ದಿನ ಮಗಳು ಪಕ್ಕದಲ್ಲಿರಬೇಕು, ತಾವು ಹತ್ತಿದ ದಾರಿಯನ್ನು ಆಕೆಗೆ ತೋರಿಸಬೇಕು ಎಂದಿದ್ದಾರೆ.