"ಇವರಿಗೆ ಸ್ವಲ್ಪ ಸುಳ್ಳು ಹೇಳೋದು ಕಲಿಸಿ, ಮೇಡಂ"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿ ಒಪ್ಪಿದ್ದಾರೆ.)

ಗಂಡ ಬರೀ ಸುಳ್ಳು ಹೇಳುತ್ತಾರೆ ಎಂಬ ದೂರು ಆಪ್ತಸಮಾಲೋಚಕಿಯಾದ ನನಗೆ ಹೊಸದಲ್ಲ. ಗಂಡ ಸುಳ್ಳೇ ಹೇಳುತ್ತಿಲ್ಲ ಎಂದು ಬಂದವರು ಇವರೊಬ್ಬರೇ. ಪಕ್ಕದಲ್ಲಿದ್ದ ಯಜಮಾನರ ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗನ ಕಳೆ ಇತ್ತು.

ಶುರುವಾಗಿದ್ದು ಸಣ್ಣದರಿಂದ. ಆಫೀಸಿನ ಕುರ್ಚಿಯಲ್ಲೇ ಕೂತು "ದಾರೀಲಿದ್ದೀನಿ, ಇನ್ನೇನು ಬಂದೆ" ಎನ್ನುವುದು ಅವರ ಅಭ್ಯಾಸ. ಒಂದು ದಿನ ಫೋನಿನ ಮ್ಯಾಪ್ ಗುಟ್ಟು ರಟ್ಟು ಮಾಡಿತು. ದೊಡ್ಡ ಜಗಳವಾಯಿತು. ಇನ್ನು ಮುಂದೆ ಒಂದೇ ಒಂದು ಸುಳ್ಳೂ ಹೇಳಕೂಡದು ಎಂದು ಹೆಂಡತಿ ಮಾತು ತೆಗೆದುಕೊಂಡರು. ಯಜಮಾನರು ಕೊಟ್ಟ ಮಾತು ಉಳಿಸಿಕೊಂಡರು. ಹೆಂಡತಿ ಹತ್ತಿರ ಮಾತ್ರವಲ್ಲ, ಊರಿನವರೆಲ್ಲರ ಹತ್ತಿರವೂ ಉಳಿಸಿಕೊಂಡರು.

ಹೇರ್‌ಕಟ್ ಹೇಗಿದೆ ಎಂದು ಹೆಂಡತಿ ಕೇಳಿದರೆ, "ಮೊದಲೇ ಚೆನ್ನಾಗಿತ್ತು." ಅತ್ತೆ ಫೋನಿನಲ್ಲಿ "ನಾನು ಬೋರ್ ಹೊಡೆಸಿದ್ನೇನೋ" ಎಂದರೆ, "ಹೌದು, ಇದೇ ಕತೆ ಮೂರನೇ ಸಲ." ಆರು ವರ್ಷದ ಮಗಳು ಅಪ್ಪನ ಚಿತ್ರ ಬರೆದು ತಂದಳಂತೆ. ಇವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿ, "ಕುತ್ತಿಗೆ ಇಲ್ಲ. ಒಂದು ಕೈಗೆ ಏಳು ಬೆರಳಿದೆ" ಎಂದರು. ಮಗು ಹೋಗಿ ಎರಡು ಬೆರಳು ಅಳಿಸಿಕೊಂಡು ಬಂತು. ಅಳಿಸಿದ ಜಾಗದಲ್ಲಿ ಕಾಗದ ತೂತಾಗಿತ್ತು. ಹೆಂಡತಿ ಇದನ್ನು ಹೇಳುವಾಗ ಯಜಮಾನರು ನೆಲ ನೋಡುತ್ತಿದ್ದರು.

"ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ, ಅಷ್ಟೇ" ಎಂದು ಗೊಣಗಿದರು.

ಬಿಗಿ ಸಡಿಲವಾಗಲಿ ಎಂದು ನಾನೊಂದು ಅಧ್ಯಯನದ ವಿಷಯ ತೆಗೆದೆ. ಬೆಲ್ಲಾ ಡಿಪಾಲೊ ಎಂಬ ಮನೋವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ್ದು. 77 ಕಾಲೇಜು ವಿದ್ಯಾರ್ಥಿಗಳು ಮತ್ತು 70 ಇತರರು ಒಂದು ವಾರ ತಮ್ಮ ಸುಳ್ಳುಗಳನ್ನು ಡೈರಿಯಲ್ಲಿ ಬರೆದಿಟ್ಟರು. ವಿದ್ಯಾರ್ಥಿಗಳದು ದಿನಕ್ಕೆ ಸುಮಾರು ಎರಡು, ಉಳಿದವರದು ಸುಮಾರು ಒಂದು.

"ನಂದು ಅದಕ್ಕಿಂತ ಕಡಿಮೆ ಇತ್ತು" ಎಂದರು ಯಜಮಾನರು.

"ಇದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ ಮೇಡಂ" ಎಂದರು ಹೆಂಡತಿ. ಮೂವರೂ ನಕ್ಕೆವು.

ಆ ಡೈರಿಗಳಲ್ಲಿ ಇನ್ನೊಂದು ಸಂಗತಿ ಇದೆ. ಇನ್ನೊಬ್ಬರ ಮನಸ್ಸು ನೋಯಬಾರದೆಂದು ಹೇಳಿದ ಸುಳ್ಳಿಗಿಂತ, ತಮ್ಮ ಅನುಕೂಲಕ್ಕೆ ಹೇಳಿದ ಸುಳ್ಳೇ ಜಾಸ್ತಿ. "ದಾರೀಲಿದ್ದೀನಿ" ಎಂಬುದು ಈ ಎರಡನೇ ಜಾತಿಯದು. ಯಜಮಾನರು ಎದ್ದು ಕಾಣುವಂತೆ ಬಿಟ್ಟಿದ್ದು ಮಾತ್ರ ಮೊದಲನೆಯದನ್ನು. ಹಾಗಾಗಿ ಕೇಳಿದೆ: "ಇಷ್ಟು ದಿನದಲ್ಲಿ ನಿಮ್ಮ ಬಗ್ಗೆ ಏನು ನಿಜ ಹೇಳಿದಿರಿ?"

ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಹೇಳಿದರು: "ಲೇಟಾಗುತ್ತೆ ಅಂದ್ರೆ ಇವಳು ಕೂಗಾಡ್ತಾಳೆ. ಹೆದರಿಕೆ ಆಗುತ್ತೆ. ಮಾತು ತಗೊಂಡಾಗ ಸಿಟ್ಟೂ ಬಂದಿತ್ತು."

ಅಲ್ಲಿಯವರೆಗೆ ನಡೆದಿದ್ದನ್ನು ಪ್ರಾಮಾಣಿಕತೆ ಅನ್ನಲಾರೆ. ಅದು ನಿಯಮ ಮುರಿಯದೆ ತೀರಿಸಿಕೊಂಡ ಸೇಡು.

ಯಜಮಾನರಿಗೆ ಹೇಳಿದ್ದು ಇಷ್ಟು: ದಿನಕ್ಕೊಂದು ನಿಜ ನಿಮ್ಮ ಬಗ್ಗೆಯೇ ಹೇಳಿ. ಬೇರೆಯವರ ಕುತ್ತಿಗೆ, ಬೆರಳುಗಳ ಲೆಕ್ಕ ಅದಾದ ಮೇಲೆ, ಅದೂ ಅವರು ಕೇಳಿದರೆ. ಮಗಳ ಹತ್ತಿರ "ಇದರಲ್ಲಿ ನಾನು ಏನು ಮಾಡ್ತಿದ್ದೀನಿ?" ಎಂದು ಕೇಳಿ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ದುಡ್ಡು, ಆರೋಗ್ಯ, ಸಂಬಂಧ, ಈ ಮೂರರಲ್ಲಿ ಮುಚ್ಚುಮರೆ ಬೇಡ. ಅಲ್ಲಿ ಕಹಿಯಾದರೂ ನಿಜವೇ ಇರಲಿ.

ಹೆಂಡತಿಗೆ ಎರಡು ಮಾತು. ಗಂಡ ನಿಜ ಒಪ್ಪಿಕೊಂಡ ದಿನ ಕೂಗಾಟ ಬೇಡ. ಇಲ್ಲದಿದ್ದರೆ ನಿಜಕ್ಕೆ ದಂಡ, ಸುಳ್ಳಿಗೆ ರಿಯಾಯಿತಿ ಅಂತಾಗುತ್ತದೆ. ಇನ್ನು "ಹೇಗಿದೆ?" ಎಂದು ಕೇಳುವ ಮೊದಲು ಬೇಕಾಗಿರುವುದು ಅಭಿಪ್ರಾಯವೋ ಧೈರ್ಯವೋ, ಅದನ್ನೂ ಹೇಳಿಬಿಡಿ.

ಮುಂದಿನ ಭೇಟಿಯಲ್ಲಿ ಹೆಂಡತಿಯೇ ವರದಿ ಒಪ್ಪಿಸಿದರು. ಧೈರ್ಯ ಕೇಳಿದಾಗಲೆಲ್ಲ ಸಿಕ್ಕಿತಂತೆ. ಒಂದೇ ಒಂದು ಸಲ ಅಭಿಪ್ರಾಯ ಕೇಳಿದರಂತೆ. ಯಜಮಾನರು ಕೊಟ್ಟರು. ಹೆಂಡತಿ ರಾತ್ರಿಯವರೆಗೆ ಮಾತಾಡಲಿಲ್ಲ.

"ಅದಕ್ಕೇನು ಮಾಡೋದು ಮೇಡಂ?"

ಏನೂ ಮಾಡಬೇಡಿ ಎಂದೆ. ಅಷ್ಟಕ್ಕೆಲ್ಲ ಫೀಸು ಕೊಟ್ಟು ಬರಬೇಕಾಗಿಲ್ಲ.