ಟೀಮ್ ಕಟ್ಟೋರಿಗೆ: ನೀವು ಕೈ ಹಚ್ಚದೇ ಇದ್ರೂ ರೋಬಾಟ್ ಓಡತ್ತಾ?

ನಿಮ್ಮ ಕಾಲೇಜ್ ರೋಬಾಟ್ ಟೀಮ್ ಬಗ್ಗೆ ಫೋಟೋ ಸಮೇತ ಪೋಸ್ಟ್ ಹಾಕಿ, "ಈ ಸಲ ಕೋಡು, ವೈರಿಂಗು ಎರಡೂ ನಾನೇ ನೋಡ್ಕೋತೀನಿ, ಜೂನಿಯರ್ಸಿಗೆ ಮುಂದಿನ ವರ್ಷ ಕಲಿಸಿದ್ರಾಯ್ತು" ಅಂತ ಬರೆದಿದೀರಲ್ಲ, ಓದಿ ಸುಮ್ನಿರಕ್ಕಾಗ್ಲಿಲ್ಲ. ನಾನೂ ಇದೇ ಮಾತು ಆಡಿದೋನು. ಮುಂದಿನ ವರ್ಷ ಪ್ರಾಜೆಕ್ಟು, ಇಂಟರ್ವ್ಯೂ ಅಂತ ಓಡಾಡಿದ್ದೇ ಬಂತು, ಕಲಿಸಿದ್ದು ಸೊನ್ನೆ.

ನಾನು ಪಾಸಾಗಿ ಹೋದ್ಮೇಲೆ ಒಂದಿನ ರಾತ್ರಿ ಹನ್ನೊಂದೂವರೆಗೆ ಆ ಜೂನಿಯರ್ಸ್ ಫೋನು. ಬೆಳಗಾದ್ರೆ ಅವರಿಗೆ ಕಾಂಪಿಟಿಷನ್. "ಅಣ್ಣ, ಎಡಗಡೆ ಮೋಟರ್ ಉಲ್ಟಾ ತಿರುಗ್ತಿದೆ, ವೈರೆಲ್ಲಾ ಹಳದೀನೇ ಇದೆ, ಯಾವುದು ಯಾವುದಕ್ಕೆ?" ಹಳದಿ ರೋಲ್ ಒಂದೇ ಮಿಕ್ಕಿತ್ತು, ನಂಗೆ ಗೊತ್ತಿದೆಯಲ್ಲ ಅಂತ ಎಲ್ಲಾ ಕಡೆ ಅದನ್ನೇ ಎಳೆದಿದ್ದೆ. ಕೋಡ್ ಇದ್ದ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿತ್ತು, ಕೋಡನ್ನ ಆನ್‌ಲೈನಲ್ಲಿ ಇಡೋ ಗಿಟ್‌ಹಬ್ ಲಾಗಿನ್ನು ನನ್ನ ಕಾಲೇಜ್ ಮೇಲ್‌ನಲ್ಲಿ, ಆ ಮೇಲ್ ಐಡೀನೇ ಬಂದ್. ರೋಬಾಟ್ ಟೇಬಲ್ ಬಿಟ್ಟು ಇಳೀಲೇ ಇಲ್ಲ.

ಈಗ ನಾನು ನೋಡ್ಕೊಳೋ ಟೀಮಲ್ಲಿ ಶನಿವಾರ ಒಂದು ಗಂಟೆ ಹೊತ್ತು ಸೀನಿಯರ್ಸ್ ಯಾರೂ ಏನೂ ಮುಟ್ಟಂಗಿಲ್ಲ. ಹಳೇ ರೋಬಾಟಿನ ಮೋಟರ್ ಡ್ರೈವರ್ (ಮೋಟರಿಗೆ ಕರೆಂಟ್ ಕೊಡೋ ಬೋರ್ಡು) ಬಿಚ್ಚಿಡ್ತೀವಿ, ಫಸ್ಟ್ ಇಯರ್‌ನವರು ಬರೀ ಟೀಮಿನ ವೈರಿಂಗ್ ನೋಟ್‌ಬುಕ್ ನೋಡ್ಕೊಂಡು ವಾಪಸ್ ಹಾಕ್ಬೇಕು. ಎಲ್ಲಿ ಸಿಕ್ಕಾಕೊಂಡ್ರೋ ಆ ಸಾಲನ್ನ ಅವರೇ ನೋಟ್‌ಬುಕ್ಕಿಗೆ ಸೇರಿಸ್ಬೇಕು, ನೀವಲ್ಲ. ಮೊದಲ ಸಲ ಒಂದು ಎನ್‌ಕೋಡರ್ (ಮೋಟರ್ ಎಷ್ಟು ತಿರುಗ್ತು ಅಂತ ಅಳೆಯೋ ಸೆನ್ಸರ್) ಕನೆಕ್ಟರ್‌ಗೇ ಆ ಗಂಟೆ ಪೂರ್ತಿ ಹೋಯ್ತು, ನಾನು ಕೈ ತೊಡೆ ಕೆಳಗಿಟ್ಕೊಂಡು ಕೂತಿದ್ದೆ. ಕಾಂಪಿಟಿಷನ್ನಿಗೆ ಎರಡು ಮೂರು ವಾರ ಇದ್ದಾಗ ಮಾತ್ರ ಇದು ಬೇಡ, ಒಂದು ವೈರ್ ಲೂಸ್ ಉಳಿದ್ರೂ ಅಳು. ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಚಾರ್ಜಿಂಗನ್ನಂತೂ ಹೊಸಬರಿಗೆ ಒಂಟಿಯಾಗಿ ಬಿಡ್ಲೇಬೇಡಿ.

ಲಿಪೋ ಅಂದ್ಮೇಲೆ, ರಜೆಗೆ ಹೋಗೋ ಮುಂಚೆ ಸೆಲ್ಲಿಗೆ 3.8 ವೋಲ್ಟ್, ಅಂದ್ರೆ 3ಎಸ್ (ಮೂರು ಸೆಲ್ಲಿನ ಪ್ಯಾಕ್) ಆದ್ರೆ 11.4ಕ್ಕೆ ತಂದು ಸ್ಟೋರೇಜ್ ಮಾಡಿ. ಫುಲ್ ಚಾರ್ಜ್ ಮಾಡಿಟ್ಟು ಹೋಗಿ ನಮ್ಮದೆರಡು ಪೂರಿ ಥರ ಊದ್ಕೊಂಡ್ವು. ಯಾರ ಕೆಲಸ ಅಂತ ಹೆಸರು ಬರೆದು ಕಪಾಟಿಗೆ ಅಂಟಿಸಿ, "ಎಲ್ಲರೂ ನೋಡ್ಕೊಳ್ಳಿ" ಅಂದ್ರೆ ಯಾರೂ ನೋಡಲ್ಲ.

ನಿಮ್ಮ ಫೋಟೋದಲ್ಲಿ ಎಲ್298ಎನ್ ಮೋಟರ್ ಡ್ರೈವರ್ ಕಾಣ್ತಿದೆ, ಕಲಿಯಕ್ಕೆ ಓಕೆ. ಆದ್ರೆ ಒಳಗಿರೋದು ಬೈಪೋಲಾರ್ ಟ್ರಾನ್ಸಿಸ್ಟರು, 1 ಆಂಪಿಯರ್‌ಗೇ 2 ವೋಲ್ಟ್ ಹತ್ರ ತಿಂದು ಬಿಸಿ ಮಾಡ್ಕೊಳತ್ತೆ, ಅಷ್ಟು ವೋಲ್ಟ್ ತಿನ್ನದ ಮಾಸ್‌ಫೆಟ್ (ಇನ್ನೊಂದು ಥರದ ಟ್ರಾನ್ಸಿಸ್ಟರ್) ಡ್ರೈವರ್ ತಗೊಳ್ಳಿ. ಬ್ಯಾಟರಿಗೆ ಎಕ್ಸ್‌ಟಿ60 ಒಂದೇ ಕನೆಕ್ಟರ್ ಅಂತ ಫಿಕ್ಸ್ ಮಾಡಿ. ಆರ್ಡುಯಿನೋ ಅನ್ನೋ ಚಿಕ್ಕ ಬೋರ್ಡಲ್ಲಿ ಆಗೋ ಕೆಲಸಕ್ಕೆ ಶೋಕಿಗೆ ಆರ್‌ಒಎಸ್ (ರೋಬಾಟ್ ಆಪರೇಟಿಂಗ್ ಸಿಸ್ಟಮ್ ಅನ್ನೋ ದೊಡ್ಡ ಸಾಫ್ಟ್‌ವೇರ್) ತುರುಕಬೇಡಿ, ನೀವು ಹೋದ್ಮೇಲೆ ಅದನ್ನ ಮುಟ್ಟೋರಿರಲ್ಲ.

ಗಿಟ್‌ಹಬ್‌ನಲ್ಲಿ ಟೀಮ್ ಹೆಸರಲ್ಲೇ ಆರ್ಗನೈಸೇಷನ್ (ಎಲ್ಲರೂ ಸೇರಿ ಬಳಸೋ ಅಕೌಂಟ್) ಮಾಡಿ, ಸೆಕೆಂಡ್ ಇಯರ್‌ನವರು ಇಬ್ಬರನ್ನ ಓನರ್ ಮಾಡಿ. ಕಪಾಟಿನ ಬೀಗದ ಕೈ ಕೂಡ ಅವರಿಗೇ ಕೊಡಿ, ಈ ವಾರಾನೇ. ವೈರಿಂಗ್ ಪುಟ ಅವರೇ ಬರೆದ್ಮೇಲೆ ಫೋಟೋ ಹಾಕಿ, ನೋಡಿ ಹೇಳ್ತೀನಿ.