ಈದ್ಗಾ ಮೈದಾನದ ವಿಷಯಕ್ಕ ಹುಡುಗ್ರು 'ಯಾರ್ದು ಸರಿ' ಅಂದ್ರ

ಮೇಡಂ, ಒಂಬತ್ತನೇ ಕ್ಲಾಸಿನ್ಯಾಗ ಹುಬ್ಬಳ್ಳಿ ಈದ್ಗಾ ಮೈದಾನದ ಜಾಗ ಯಾರ್ದು ಅನ್ನೋ ಹಳೇ ಜಗಳದ ಮಾತು ಬಂದು 'ಯಾರ್ದು ಸರಿ' ಅಂತ ಹುಡುಗ್ರು ಕೇಳಿದ್ರ ಏನ್ ಹೇಳ್ಲಿ ಅಂದ್ರಲ್ಲ, ಸುಮ್ನ ದಾಟಿಸಬ್ಯಾಡ್ರಿ, ನೀವು ಹೇಳ್ಲಿಲ್ಲಂದ್ರ ವಾಟ್ಸಾಪ್ ಹೇಳ್ತದ. ನಾ ಮೊದ್ಲು ಬೋರ್ಡ್ ಮ್ಯಾಲೆ ಆಗಿದ್ದಷ್ಟ ಬರೀತೀನಿ, 1994ರ ಆಗಸ್ಟ್ 15ಕ್ಕ ಅಲ್ಲಿ ರಾಷ್ಟ್ರಧ್ವಜ ಹಾರಿಸೋ ಗದ್ಲ, ಗೋಲಿಬಾರ್, ಸತ್ತವ್ರು, ಆಮ್ಯಾಲೆ 2010ರಾಗ ಸುಪ್ರೀಂ ಕೋರ್ಟಿನ್ಯಾಗ ಜಾಗ ಪಾಲಿಕೆದು ಅಂತ ಆಗಿದ್ದು, ವರ್ಷಕ್ಕ ಎರಡ್ ಸಲ ನಮಾಜಿಗೆ ಅವಕಾಶ ಉಳದಿದ್ದು. ಜಾಗದ ಮಾತು ಕೋರ್ಟ್ ಮುಗಿಸ್ತು, ಅಲ್ಲಿ ಕೂಡೋ ಮಂದಿ ಒಬ್ರಿಗೊಬ್ರು ಹೆಂಗಿರಬೇಕು ಅನ್ನೋದನ್ನ ಯಾರ್ ಹೇಳ್ಬೇಕು ಅಂತ ಕೇಳ್ರಿ, ವಿಚಾರ ಅಲ್ಲಿಂದ ಶುರು ಆಗ್ತದ. ಯಾವ ಹುಡುಗಗೂ 'ನಿಮ್ಮವ್ರು' ಅನ್ಬ್ಯಾಡ್ರಿ, ಅದು ಭಾಳ ಚುಚ್ತದ. ತಾವು ಒಪ್ಪದ ಕಡೆಯವ್ರ ವಾದ ಬರಿಯಾಕ ಹಚ್ರಿ, ಕಾರಣ ಗಟ್ಟಿ ಇದ್ರ ಮಾರ್ಕ್ಸ್ ಕೊಡ್ರಿ.